ದಪ್ಪ ಅಕ್ಷರ, ಓರೆ ಅಕ್ಷರ

ಬರೆದಿಟ್ಟಿದ್ದೇನೆ ಅನ್ನುವುದರಲ್ಲಿ ಪೊ-ಯೆನ್‌ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ, ಕುಡಿಯುವ ಬಿಸಿನೀರಿನ ಯಂತ್ರದ ಪಕ್ಕದ ಬೆಂಚಿನ ಮೇಲೆ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ರೋಗಿಗಳ ಕಡೆಯವರು ಥರ್ಮಾಸ್ ಹಿಡಿದು ಒಬ್ಬೊಬ್ಬರಾಗಿ ಬಂದು ನೀರು ತುಂಬಿಸಿಕೊಂಡು ಹೋಗುತ್ತಿದ್ದರು, ಹೋಗುವಾಗ ಇವನ ಪರದೆಯ ಮೇಲೊಂದು ಕಣ್ಣು ಹಾಯಿಸುತ್ತಿದ್ದರು. ಮಧ್ಯಾಹ್ನ ಡಾಕ್ಟರ್ ಕೊ ಬರುತ್ತಾರೆ. ಅಮ್ಮನ ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಬೇಕೋ ಬೇಡವೋ ಅನ್ನುವುದನ್ನು ಮನೆಯವರು ಆಗ ಹೇಳಬೇಕು. ಲಕ್ವ ಹೊಡೆದ ಮೇಲೆ ಅಮ್ಮನ ಮಾತು ಹೋಗಿತ್ತು, ಬಲಗೈ ಬಲಗಾಲು ಹೋಗಿದ್ದವು, ಈಗ ನುಂಗುವುದೂ ಹೋಗಿ, ಚಮಚದಲ್ಲಿ ಕೊಟ್ಟ ಗಂಜಿ ಶ್ವಾಸಕೋಶಕ್ಕೆ ಇಳಿದು ಜ್ವರ ಬಂದಿತ್ತು. ನಿಮ್ಮ ತಾಯಿ ಇದರ ಬಗ್ಗೆ ಯಾವತ್ತಾದರೂ ಏನಾದರೂ ಹೇಳಿದ್ದರಾ ಅಂತ ಡಾಕ್ಟರ್ ನಿನ್ನೆ ಕೇಳಿದಾಗ ಅಕ್ಕ ಲೀ-ಶಿಯಾ ತಟ್ಟನೆ ಇವನ ಕಡೆ ತಿರುಗಿದ್ದಳು. "ಇವನ ಹತ್ರ ಹೇಳಿದಾಳೆ. ಇವನು ಬರ್ಕೊಂಡಿರ್ತಾನೆ. ಇವನು ಬರ್ಕೊಳ್ದೇ ಇರೋದು ಅಂತ ಈ ಪ್ರಪಂಚದಲ್ಲಿ ಏನೂ ಇಲ್ಲ." ಅಮ್ಮ ಸಾಯುವುದು ಬದುಕುವುದರ ಮಾತು ನಡೆಯುತ್ತಿದ್ದ ಆ ಕೋಣೆಯಲ್ಲಿ, ಆ ಹೊತ್ತಿನಲ್ಲೂ, ಇವನಿಗೆ ಒಳಗೊಳಗೇ ಹಿಗ್ಗಾಗಿತ್ತು. ಹೌದು, ಹಿಗ್ಗೇ. ಅದನ್ನು ನೆನೆದು ಈಗ ಬೆಂಚಿನ ಮೇಲೆ ಕೂತಲ್ಲೇ ಕಿವಿ ಬಿಸಿಯಾಯಿತು.

ಬೆಳಿಗ್ಗೆ ನೋಡಿದಾಗಲೂ ಅಮ್ಮನ ಎಡಗೈ ಹೊದಿಕೆಯ ಮೇಲೆ ಆಡುತ್ತಿತ್ತು. ಬೆರಳುಗಳು ಕುಟುಕುಟು ಎನ್ನುವುದು, ನಿಲ್ಲುವುದು, ಮತ್ತೆ ಕುಟುಕುಟು. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಬಟ್ಟೆ ಸರಿಸುತ್ತಿದ್ದಾಳೆ, ಪೇಟೆಯಲ್ಲಿ ಜೀವಮಾನವಿಡೀ ಶಾಲೆ ಮಕ್ಕಳ ಲಂಗ, ಪ್ಯಾಂಟು ಉದ್ದಗಿಡ್ಡ ಮಾಡಿಕೊಟ್ಟವಳಲ್ಲವೇ ಅಂತ ಇವನು ನರ್ಸಿಗೆ ವಿವರಿಸಿದ್ದ. ನರ್ಸ್ ಪಾಪ ನಕ್ಕಿದ್ದಳು. ಇವನು ಬಾಗಿಲಾಚೆ ಬಂದವನೇ ಫೋನಿನಲ್ಲಿ ಅದನ್ನು ಬರೆದುಕೊಂಡಿದ್ದ: ಮೇಲೆ ತಲೆಬರಹ, ಅದರ ಕೆಳಗೆ ಉಪತಲೆಬರಹ, 'ಎಡಗೈ ಬೆರಳುಗಳ ಚಲನೆ, ಬಹುಶಃ ಹಳೆಯ ಅಭ್ಯಾಸ'. ಬರೆದಾದ ಮೇಲೆ ಮನಸ್ಸು ಹಗುರಾಗಿತ್ತು. ಯಾವುದನ್ನೇ ಆಗಲಿ ಬರೆದಿಟ್ಟರೆ ಇವನಿಗೆ ಅದು ಮುಗಿದ ಹಾಗೆ.

ನಳಿಗೆಯ ಮಾತು ಬಂದ ದಿನ, ಲಕ್ವ ಹೊಡೆಯುವುದಕ್ಕೆ ಮುಂಚೆ, ಅಮ್ಮ ಖಿಮ್ ಚಿಕ್ಕಮ್ಮನನ್ನು ನೋಡಿಕೊಂಡು ಬಂದಿದ್ದಳು. ಖಿಮ್ ಚಿಕ್ಕಮ್ಮ ಅಂದರೆ ಪೇಟೆಯಲ್ಲಿ ಅಮ್ಮನ ಪಕ್ಕದ ಅಂಗಡಿಯಲ್ಲಿ ಮೀನುಂಡೆ ಮಾರುತ್ತಿದ್ದ ಗಟ್ಟಿ ಗಂಟಲಿನ ಹೆಂಗಸು, ಆಮೇಲೆ ಬಹಳ ಕಾಲ ಹಾಸಿಗೆ ಹಿಡಿದವಳು. ಅಮ್ಮ ಬಂದು ಚಪ್ಪಲಿ ಬಿಟ್ಟು, ಕೈ ತೊಳೆದು, ದುಂಡು ಮೇಜಿನ ಆಚೆ ಬದಿಗೆ ಇವನ ಎದುರಿಗೇ ಕೂತಳು. ಮಡಿಲಲ್ಲಿ ಯಾವುದೋ ಹುಡುಗಿಯ ನೀಲಿ ಲಂಗ, ಬೆರಳಲ್ಲಿ ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ. ಇವನ ಮುಂದೆ ಇದೇ ಲ್ಯಾಪ್‌ಟಾಪು, ಪರದೆಯನ್ನು ಹಿಂದಕ್ಕೆ ಪೂರಾ ಒರಗಿಸಿದ್ದು. ಆಗ ಇವನು ಟಿಪ್ಪಣಿ ಬರೆಯುವ ಎರಡು ಆ್ಯಪ್‌ಗಳ ನಡುವೆ ಸಿಕ್ಕಿಕೊಂಡು ನಿದ್ದೆಗೆಟ್ಟ ಕಾಲ. ಎರಡರಲ್ಲೂ ಬರೆದದ್ದು ಸಾದಾ ಪಠ್ಯವಾಗಿಯೇ ಉಳಿಯುತ್ತದೆ, ಕಂಪನಿ ಮುಳುಗಿದರೂ ಫೈಲು ನಮ್ಮದು, ಐವತ್ತು ವರ್ಷ ಬಿಟ್ಟು ಯಾವ ಯಂತ್ರದಲ್ಲಿ ತೆರೆದರೂ ತೆರೆಯುತ್ತದೆ. ವ್ಯತ್ಯಾಸ ಇದ್ದದ್ದು ಗುರುತುಗಳಲ್ಲಿ. ಒಂದರಲ್ಲಿ ಮಾತಿನ ಆಚೆ ಈಚೆ ಒಂಟಿ ನಕ್ಷತ್ರ ಇಟ್ಟರೆ ದಪ್ಪ ಅಕ್ಷರ, ಓರೆಗೆರೆ ಇಟ್ಟರೆ ಓರೆ ಅಕ್ಷರ. ಇನ್ನೊಂದರಲ್ಲಿ ಅದೇ ಒಂಟಿ ನಕ್ಷತ್ರಕ್ಕೆ ಅಕ್ಷರ ಓರೆಯಾಗುತ್ತದೆ, ದಪ್ಪ ಬೇಕಾದರೆ ಜೋಡಿ ನಕ್ಷತ್ರ. ಇಷ್ಟೇ. ಇಷ್ಟಕ್ಕೆ ಶನಿವಾರ ಶನಿವಾರ ಚಹಾದಂಗಡಿಯಲ್ಲಿ ಸೇರುವ ಇವನ ಗೆಳೆಯರ ಗುಂಪಿನಲ್ಲಿ ಎರಡು ಪಂಗಡವಾಗಿತ್ತು, ಜುನ್-ಹೋಂಗ್ ಎಂಬವನಂತೂ ಇವನ ಜೊತೆ ಮಾತು ಬಿಟ್ಟಿದ್ದ. ಈಗ ಬರುವ ಶನಿವಾರ ಅಲ್ಲಿ ಇವನದೇ ಭಾಷಣವಿತ್ತು, ಯಾವುದನ್ನು ಯಾಕೆ ಆರಿಸಬೇಕು ಅನ್ನುವುದರ ಮೇಲೆ. ಅಮ್ಮನ ಸ್ಥಿತಿ ಹೀಗಾದರೂ ಅದನ್ನಿನ್ನೂ ರದ್ದು ಮಾಡಿರಲಿಲ್ಲ. ಅಮ್ಮನಿಗೂ ಒಂದು ಸಲ ಇದನ್ನೆಲ್ಲ ವಿವರಿಸಲು ಹೋಗಿದ್ದ. ಅವಳು ಸೂಜಿಗೆ ದಾರ ಪೋಣಿಸುತ್ತಾ ಪೂರ್ತಿ ಕೇಳಿ, "ಗುರುತು ಹಾಕ್ತಾನೇ ಇರು. ಕತ್ತರಿ ಯಾವಾಗ ಹಾಕ್ತೀಯೋ ನೋಡ್ತೀನಿ" ಅಂದಿದ್ದಳು. ಅಕ್ಕ ಬಿದ್ದು ಬಿದ್ದು ನಕ್ಕಿದ್ದಳು. ಅನ್ನದ ಕುಕ್ಕರುಗಳಿಗೆ ಕೈಪಿಡಿ ಬರೆದು ಹೊಟ್ಟೆ ಹೊರೆಯುವವನಿಗೆ ಅಷ್ಟು ಸಾಕು, ಎರಡು ದಿನ ಊಟ ರುಚಿಸಿರಲಿಲ್ಲ.

ಅವತ್ತು ಅಮ್ಮ ಶುರು ಮಾಡಿದ್ದು ಚೆನ್ನಾಗಿ ನೆನಪಿದೆ. ಖಿಮ್‌ಗೆ ಮೂಗಲ್ಲಿ ನಳಿಗೆ ಹಾಕಿದಾರೆ ಅಂದಳು. ಅವಳು ಅದನ್ನು ಕಿತ್ತುಕೊಳ್ಳುತ್ತಾಳೆ ಅಂತ ಎರಡೂ ಕೈಗೆ ದಪ್ಪನೆ ಚೀಲ ತೊಡಿಸಿ ಮಂಚದ ಕಂಬಿಗೆ ಕಟ್ಟಿದ್ದಾರೆ ಅಂದಳು. ಮೂಗು ಕೆರೆದುಕೊಳ್ಳಲೂ ಆಗುವುದಿಲ್ಲ, ಬಂದವರ ಕೈ ಹಿಡಿಯಲೂ ಆಗುವುದಿಲ್ಲ. "ಆ-ಯೆನ್, ಕೇಳಿಸ್ಕೊ. ನಾಳೆ ನಂಗೇ ಹಾಗಾಯ್ತು ಅಂತಿಟ್ಕೊ" ಅಂದಳು, ಮನೆಯಲ್ಲಿ ಇವನನ್ನು ಕರೆಯುವ ಹೆಸರು ಹಿಡಿದು. ಅಲ್ಲಿಗೆ ನಿಂತಿತು. ಅಲ್ಲಿಂದಾಚೆಗೆ ಇವನಿಗೆ ನೆನಪಿರುವುದು ಇಸ್ತ್ರಿ ಪೆಟ್ಟಿಗೆಯ ಆವಿಯ ವಾಸನೆ, ಅಮ್ಮ ಹಲ್ಲಿನಿಂದ ದಾರ ಕಡಿದದ್ದು, ಕೆಳಗಡೆ ಕಸದ ಗಾಡಿಯ ಸಂಗೀತ ಕೇಳಿ ಅಕ್ಕಪಕ್ಕದವರೆಲ್ಲ ಚೀಲ ಹಿಡಿದು ಮೆಟ್ಟಿಲು ಇಳಿದದ್ದು. ಮತ್ತೆ ಕೊನೆಯಲ್ಲಿ ಅಮ್ಮ ಕೇಳಿದ್ದು: "ಬರ್ಕೊಂಡ್ಯಾ?" ಇವನು ಹೇಳಿದ್ದು: "ಹ್ಞೂಂ, ಬರ್ಕೊಂಡೆ." ನಡುವಿನದ್ದು ತಲೆಯಲ್ಲಿರಲಿಲ್ಲ. ಅದಕ್ಕೆ ಗಾಬರಿಯೇನೂ ಆಗಿರಲಿಲ್ಲ, ತಲೆಯಲ್ಲಿರಬೇಕಾಗಿಲ್ಲ ಅಂತಲೇ ಅಲ್ಲವೇ ಬರೆಯುವುದು. ನಳಿಗೆ ಬೇಡವೇ ಬೇಡ ಅಂದಿದ್ದಳೋ, ನಳಿಗೆ ಹಾಕಿ ಆದರೆ ಕೈ ಮಾತ್ರ ಕಟ್ಟಬೇಡಿ ಅಂದಿದ್ದಳೋ. ಎರಡರಲ್ಲಿ ಒಂದು. ಎರಡೂ ಅಮ್ಮನ ದನಿಯಲ್ಲೇ ಕೇಳಿಸುತ್ತಿದ್ದವು.

ಫೈಲು ಹುಡುಕಲು ಕಷ್ಟವೇನೂ ಆಗಲಿಲ್ಲ. ಇವನ ಫೋಲ್ಡರು ಅಂದರೆ ಅಷ್ಟು ಅಚ್ಚುಕಟ್ಟು. 'ಅಮ್ಮ' ಅಂತ ಹೊಡೆದ, 'ಆಸ್ಪತ್ರೆ' ಅಂತ ಹೊಡೆದ, ಎದುರಿಗೇ ಬಂತು. ತೆರೆದ. ಒಂದು ಕ್ಷಣವೂ ತಡಮಾಡದೆ ತೆರೆದುಕೊಂಡಿತು. ಮೇಲೆ ತಾರೀಕು ಸರಿಯಾಗಿತ್ತು, ವಿಷಯಸೂಚಿ ಸರಿಯಾಗಿತ್ತು, ತಲೆಬರಹ ಸರಿಯಾಗಿತ್ತು. ಅದರ ಕೆಳಗೆ ಹೀಗಿತ್ತು:

*ಅಮ್ಮ ಹೇಳಿದ್ದು*
/ಅಮ್ಮ ಹೇಳಿದ್ದು/
**ಅಮ್ಮ ಹೇಳಿದ್ದು**
*ಅಮ್ಮ ಹೇಳಿದ್ದು*
ಜೋಡಿ ನಕ್ಷತ್ರ ಪರವಾಗಿಲ್ಲ. ಇದೇ ಇರಲಿ.

ಕೆಳಗೆ ಸರಿಸಿದ. ಕೆಳಗೆ ಏನೂ ಇರಲಿಲ್ಲ. ಮತ್ತೆ ಮೇಲೆ ಹೋಗಿ, ನಿಧಾನವಾಗಿ, ಪ್ರತಿ ಸಾಲಿನ ಮೇಲೂ ಕರ್ಸರ್ ಇಟ್ಟು ಇಳಿದ. ಥರ್ಮಾಸ್ ಹಿಡಿದು ನಿಂತಿದ್ದ ಮುದುಕನೊಬ್ಬ ಏನೋ ಕೇಳಿದ್ದು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಅಮ್ಮ ಎದುರಿಗೆ ಕೂತು ತನ್ನ ಸಾವಿನ ಮಾತಾಡುತ್ತಿದ್ದಾಗ ಇವನು ಅಕ್ಷರ ದಪ್ಪವಾಗುತ್ತದಾ ಅಂತ ನೋಡುತ್ತಿದ್ದ. ಪರೀಕ್ಷೆಗೆ ಏನಾದರೂ ನಾಲ್ಕು ಅಕ್ಷರ ಬೇಕಿತ್ತು, ಹತ್ತಿರದಲ್ಲಿ ಸಿಕ್ಕಿದ್ದು 'ಅಮ್ಮ ಹೇಳಿದ್ದು'. ಆ ಎರಡು ಪದದ ಮುಂದೆ ಏನು ಅನ್ನುವುದು ಬೇಕಾಗಿರಲಿಲ್ಲ. ಇನ್ನೂ ಭಯಂಕರ ಅಂದರೆ, ಆ್ಯಪು ಕೊನೆಗೂ ತೀರ್ಮಾನವಾದದ್ದು ಅವತ್ತೇ. ಆ ಸಂಜೆಯ ಖುಷಿ ಇವನಿಗೆ ಚೆನ್ನಾಗಿ ನೆನಪಿತ್ತು. ಎದ್ದು ಹೋಗಿ ಎಲ್ಲರಿಗೂ ಟರ್ಕಿ ಕೋಳಿಯ ಅನ್ನ ಕಟ್ಟಿಸಿಕೊಂಡು ಬಂದಿದ್ದ. ಏನೋ ವಿಶೇಷ ಅಂತ ಅಕ್ಕ ಕೇಳಿದ್ದಕ್ಕೆ ಕೆಲಸ ಮುಗೀತು ಅಂದಿದ್ದ. ಅಮ್ಮ ತನ್ನ ಬಟ್ಟಲಿನ ಮಾಂಸದ ಚೂರುಗಳನ್ನು ಇವನ ಬಟ್ಟಲಿಗೆ ಹಾಕಿದ್ದಳು.

ಬೇರೆಲ್ಲಾದರೂ ಇರಬಹುದು ಅಂತ ಇಡೀ ಫೋಲ್ಡರನ್ನು ಜಾಲಾಡಿದ. ಅಮ್ಮನ ಹೆಸರಿದ್ದ ಫೈಲುಗಳು ಬೇಕಾದಷ್ಟಿದ್ದವು. 'ಅಮ್ಮನ ಬಾಲ್ಯ' ಅಂತ ಒಂದು, ಒಳಗೆ ಮೂರು ಉಪತಲೆಬರಹ, ಪ್ರತಿಯೊಂದರ ಕೆಳಗೂ 'ತುಂಬಬೇಕು'. 'ಅಮ್ಮನ ಔಷಧಿ' ಎಂಬುದರಲ್ಲಿ ಕೋಷ್ಟಕ ಹಾಕುವುದು ಹೇಗೆ ಅನ್ನುವುದರ ಟಿಪ್ಪಣಿ. 'ಅಪ್ಪ ತೀರಿಕೊಂಡ ವರ್ಷ' ಎಂಬುದು ಇನ್ನೊಂದು ಫೈಲಿಗೆ ಕೊಂಡಿ, ಆ ಫೈಲಿನಿಂದ ಮತ್ತೊಂದಕ್ಕೆ ಕೊಂಡಿ, ಅಲ್ಲಿ ಬರೀ ತಲೆಬರಹ. ಆದರೆ ನಕ್ಷತ್ರದ ಬಗ್ಗೆ, ಓರೆಗೆರೆಯ ಬಗ್ಗೆ, ಫೋಲ್ಡರಿಗೆ ಹೆಸರಿಡುವ ಬಗ್ಗೆ ಪುಟಗಟ್ಟಲೆ ಇತ್ತು. ಯಾವ ಪೆಟ್ಟಿಗೆ ತೆರೆದರೂ ಒಳಗೆ ಪೆಟ್ಟಿಗೆ ಮಾಡುವ ವಿಧಾನ. ಫೋಲ್ಡರಿನ ಮೇಲೆ ಕೋಪ ಮಾಡಿಕೊಳ್ಳುವಂತೆಯೂ ಇರಲಿಲ್ಲ. ಐವತ್ತು ವರ್ಷ ಉಳಿಯುತ್ತದೆ ಅಂದಿದ್ದ, ಉಳಿದಿತ್ತು. ಕೊಟ್ಟಿದ್ದನ್ನು ಒಂದಕ್ಷರ ಕಳೆಯದೆ ಹಾಗೇ ಇಟ್ಟುಕೊಂಡಿತ್ತು.

ಆಮೇಲೆ ಮಾಡಿದ್ದನ್ನು ಇವನು ಯಾರಿಗೂ ಹೇಳಿಕೊಳ್ಳಲಾರ. ಕರ್ಸರನ್ನು ಕೊನೆಯ ಸಾಲಿನ ಕೆಳಗೆ ಒಯ್ದು 'ನಳಿಗೆ ಬೇಡ ಅಂದಳು' ಅಂತ ಹೊಡೆದ. ನೋಡಿದ. ಅದು ಅವತ್ತಿನಿಂದ ಅಲ್ಲೇ ಇದ್ದ ಹಾಗೆ ಕಾಣುತ್ತಿತ್ತು. ಕಾಗದದ ಮೇಲಾಗಿದ್ದರೆ ಶಾಯಿ ಬೇರೆ, ಕೈ ನಡುಗಿದ್ದು ಬೇರೆ, ಯಾವುದು ಹಳತು ಯಾವುದು ಹೊಸತು ಅಂತ ಗೊತ್ತಾಗುತ್ತದೆ. ಇಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಮುಖ. ಕಿರುಬೆರಳು ಚಾಚಿ ಅಳಿಸುವ ಕೀಲಿಯನ್ನು ಟಕಟಕಟಕ ಒತ್ತಿದ. 'ನಳಿಗೆ ಇರಲಿ, ಕೈ ಕಟ್ಟಬೇಡಿ ಅಂದಳು' ಅಂತ ಹೊಡೆದ. ಇದೂ ಹಾಗೇ, ಇದೂ ಸತ್ಯದಂತೆಯೇ ಕಂಡಿತು. ಯಾವುದನ್ನು ಬಿಟ್ಟರೂ ಡಾಕ್ಟರ್ ಒಪ್ಪುತ್ತಾರೆ, ಅಕ್ಕ ಒಪ್ಪುತ್ತಾಳೆ, ಅಮ್ಮ ಹಾಗೇ ಸಾಯುತ್ತಾಳೆ ಅಥವಾ ಹೀಗೇ ಬದುಕುತ್ತಾಳೆ. ಅಳಿಸಿದ. ಮತ್ತೆ ಬೇಡ ಅಂತ ಬರೆದ. ಬರೆಯುವಾಗ ಇವನ ಕಣ್ಣು ಹೋಗಿದ್ದು ಆ ಸಾಲನ್ನು ದಪ್ಪ ಮಾಡಬೇಕಾ ಅನ್ನುವುದರ ಕಡೆಗೆ.

"ಸಿಕ್ತಾ?" ಅಕ್ಕ ಎರಡು ಊಟದ ಪೊಟ್ಟಣ ಹಿಡಿದು ನಿಂತಿದ್ದಳು. ಬೇಗನೆ ಆ ಹೊಸ ಸಾಲನ್ನು ಅಳಿಸಿ ಲ್ಯಾಪ್‌ಟಾಪು ಮುಚ್ಚಿದ. ಸಿಕ್ಕಿತು ಅಂದ. ಸಿಕ್ಕಿದ್ದಂತೂ ನಿಜ. ಅಕ್ಕ ಬೆಂಚಿನ ಮೇಲೆ ಕೂತು, ಪೊಟ್ಟಣ ಬಿಚ್ಚಿ, ಹಂದಿಮಾಂಸದ ಅನ್ನವನ್ನು ಇವನ ಕೈಗೆ ಕೊಟ್ಟು, ಏನು ಹೇಳಿದಾಳೆ ಅಂತ ಈಗಲೇ ಹೇಳಬೇಡ, ಡಾಕ್ಟರ ಮುಂದೆಯೇ ಓದು ಅಂದಳು. ಈಗ ಕೇಳಿದರೆ ಅತ್ತುಬಿಡುತ್ತೇನೆ, ಅಳುವುದು ಒಂದೇ ಸಲ ಸಾಕು. ಬೇಡ ಅಂದಿದ್ದರೆ ಬೇಡ ಅಂತಲೇ ಇರಲಿ, ನನಗೆ ಎಷ್ಟೇ ಆಸೆಯಿದ್ದರೂ ಅವಳ ಮಾತು ಮೀರುವುದಿಲ್ಲ ಅಂದಳು. ಆಮೇಲೆ ಊಟದ ಕಡ್ಡಿಗಳಿಂದ ಅನ್ನ ಕೆದಕುತ್ತಾ, "ನಿನ್ನ ಈ ಟಕಟಕ ಕೇಳಿ ಕೇಳಿ ತಲೆ ಚಿಟ್ಟು ಹಿಡೀತಿತ್ತು ನಂಗೆ. ಎಷ್ಟು ಬೈದಿದೀನಿ. ಈಗ ನೋಡು, ಅದೇ ಕೆಲಸಕ್ಕೆ ಬಂತು" ಅಂದಳು. ಇವನು ಪೊಟ್ಟಣವನ್ನು ಮಡಚಿ ಬೆಂಚಿನ ಮೇಲಿಟ್ಟ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಡಾಕ್ಟರ್ ಕೊ ಇನ್ನೂ ಚಿಕ್ಕ ವಯಸ್ಸಿನವರು, ಮಾತಾಡುವಾಗ ಎದುರಿನವರ ಮುಖವನ್ನೇ ನೋಡುತ್ತಿದ್ದರು. ಬೇರೆ ಕೋಣೆ ಖಾಲಿಯಿಲ್ಲ, ತಾಯಿಯವರ ಹತ್ತಿರವೇ ಮಾತಾಡೋಣ ಅಂತ ಪರದೆ ಎಳೆದರು. ಅಮ್ಮ ಎಚ್ಚರವಾಗಿದ್ದಳು. ಮುಖದ ಒಂದು ಬದಿ ಇಳಿದಿತ್ತು, ಇನ್ನೊಂದು ಬದಿಯ ಕಣ್ಣು ಚುರುಕಾಗಿಯೇ ಇತ್ತು. ಎಡಗೈ ಮಾತ್ರ ಈಗ ಸುಮ್ಮನಿತ್ತು. ನರ್ಸಿನ ತಳ್ಳುಗಾಡಿಯ ಮೇಲೆ ನಳಿಗೆಯ ಪೊಟ್ಟಣವಿತ್ತು, ಅದರ ಪಕ್ಕದಲ್ಲಿ ಬಿಳಿಯ ಚೀಲದಂಥದ್ದು, ಪಟ್ಟಿ ಜೋತುಬಿದ್ದದ್ದು. ಅದು ಕಾಣದ ಹಾಗೆ ಪೊ-ಯೆನ್ ತಳ್ಳುಗಾಡಿಗೆ ಬೆನ್ನು ಹಾಕಿ ನಿಂತ. ಹೇಳಿ, ಏನಂದಿದ್ದರು ಅಂತ ಡಾಕ್ಟರ್ ಕೇಳಿದರು. ಅಕ್ಕ ಆಗಲೇ ಕರವಸ್ತ್ರವನ್ನು ಮೂಗಿಗೆ ಹಿಡಿದಿದ್ದಳು. ಇವನು ಲ್ಯಾಪ್‌ಟಾಪು ತೆರೆದ, ಫೈಲು ಮತ್ತೆ ಎದುರಿಗೆ ಬಂತು. ಓದಲು ಬಾಯಿ ತೆರೆದ. ಯಾವ ವಾಕ್ಯ ಓದಿಯಾನು ಅನ್ನುವುದು ಇವನಿಗೇ ಗೊತ್ತಿರಲಿಲ್ಲ.

"ಇಲ್ಲ" ಅಂದ. "ಬರೆದಿಲ್ಲ. ನಾನು ಬರ್ಕೊಂಡಿಲ್ಲ."

ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಕಳೆದುಹೋಯಿತಾ, ಯಂತ್ರ ಕೆಟ್ಟಿದೆಯಾ, ರಿಪೇರಿಯವನಿಗೆ ತೋರಿಸೋಣವಾ ಅಂತ ಕೇಳಿದಳು. ಇವನು ಪರದೆಯನ್ನೇ ಅವಳ ಕಡೆ ತಿರುಗಿಸಿದ. ಅವಳು ಬಗ್ಗಿ ಓದಿದಳು, ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದಳು. ಸಾಲು ಸಾಲಿನಲ್ಲೂ ಅಮ್ಮ ಹೇಳಿದ್ದು, ಅಮ್ಮ ಹೇಳಿದ್ದು. ಅವಳ ಮುಖದಲ್ಲಿ ಸಿಟ್ಟು ಬರುತ್ತದೆ ಅಂತ ಇವನು ಕಾದ, ಬೈದರೆ ಸಾಕು ಅಂತ ಕಾದ. ಸಿಟ್ಟು ಬರಲಿಲ್ಲ. ಪರಿಚಯವಿಲ್ಲದವನು ಯಾರೋ ಮನೆಯೊಳಗೆ ಕೂತಿರುವುದನ್ನು ಕಂಡವಳ ಹಾಗೆ ನೋಡಿದಳು. "ಹಾಗಾದ್ರೆ ಅವತ್ತೆಲ್ಲ ಏನೋ ಹೊಡೀತಿದ್ದೆ ನೀನು?" ಅಂತ ಮೆಲ್ಲಗೆ ಕೇಳಿದಳು. ಉತ್ತರ ಅವಳ ಕಣ್ಣೆದುರಿಗೇ ಇತ್ತು.

ಡಾಕ್ಟರ್, ತಪ್ಪಿಲ್ಲ, ಬಹಳ ಮನೆಗಳಲ್ಲಿ ಹೀಗೇ ಆಗುತ್ತದೆ ಅಂದರು. ಹಾಗೆ ಅಂದದ್ದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ರೋಗಿಯ ಮಾತು ಗೊತ್ತಿಲ್ಲದಾಗ ಸದ್ಯಕ್ಕೆ ನಳಿಗೆ ಹಾಕುವುದೇ ರೂಢಿ, ಆಮೇಲೆ ನೋಡಿಕೊಳ್ಳೋಣ, ಎಡಗೈಯಲ್ಲಿ ಶಕ್ತಿ ಇರುವುದರಿಂದ ಕಿತ್ತುಕೊಳ್ಳದ ಹಾಗೆ ಅದಕ್ಕೊಂದು ಚೀಲ ತೊಡಿಸಿ ಕಟ್ಟಬೇಕಾಗುತ್ತದೆ ಅಂದರು. ನರ್ಸ್ ಚೀಲ ಎತ್ತಿಕೊಂಡಳು. ಆಗಲೇ ಅಮ್ಮನ ಕೈ ಮತ್ತೆ ಶುರುವಾಯಿತು. ಕುಟುಕುಟು, ನಿಲ್ಲುವುದು, ಕುಟುಕುಟು. ಪೊ-ಯೆನ್, ಹೊಲಿಯುತ್ತಿದ್ದಾಳೆ ಅಂದ.

"ಹೊಲಿಗೆ ಅಲ್ಲ ಕಣೋ ಅದು" ಅಂದಳು ಅಕ್ಕ. ದನಿಯಲ್ಲಿ ಏನೂ ಇರಲಿಲ್ಲ. "ಅದು ನೀನು. ನೀನು ಇಲ್ದೇ ಇದ್ದಾಗ ಬಾಗಿಲ ಕಡೆ ನೋಡಿ ಹೀಗೆ ಮಾಡ್ತಾಳೆ. ಆ-ಯೆನ್ ಬರ್ತಾನೆ ಇರಮ್ಮ ಅಂದ್ರೆ ನಿಲ್ಲಿಸ್ತಾಳೆ. ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಪೊ-ಯೆನ್ ನೋಡಿದ. ಇಷ್ಟು ದಿನ ನೋಡದೆ ಇದ್ದದ್ದನ್ನು ನೋಡಿದ. ನಾಲ್ಕು ಬೆರಳು ಹೊದಿಕೆಯನ್ನು ಬಡಿಯುತ್ತಿದ್ದವು, ಆಗಾಗ ಹೆಬ್ಬೆರಳು ಅಗಲವಾಗಿ ಒಂದು ಸಲ. ಅದು ಪದ ಪದದ ನಡುವೆ ಜಾಗ ಬಿಡುವ ಕೀಲಿ. ಮತ್ತೆ ನಾಲ್ಕು ಬೆರಳು. ಆಮೇಲೆ ಎಲ್ಲ ನಿಂತು, ಕಿರುಬೆರಳೊಂದೇ ಹೊರಗಡೆಗೆ ಉದ್ದಕ್ಕೆ ಚಾಚಿಕೊಂಡು ಒಂದೇ ಜಾಗದಲ್ಲಿ ಟಕ್ ಟಕ್ ಟಕ್ ಟಕ್. ಅದು ಅಳಿಸುವ ಕೀಲಿ. ಅಮ್ಮನ ಎಡಗೈ ಇವನ ಬಲಗೈ ಆಡುವ ಹಾಗೆ ಆಡುತ್ತಿತ್ತು, ಮೇಜಿನ ಆಚೆ ಬದಿಗೆ ಎದುರು ಕೂತವರಿಗೆ ಹೇಗೆ ಕಾಣುತ್ತದೋ ಹಾಗೆ. ಹೊಡೆಯುವುದು, ನೋಡುವುದು, ಅಳಿಸುವುದು. ಹೊಡೆಯುವುದು, ನೋಡುವುದು, ಅಳಿಸುವುದು. ಅಂದರೆ ಅವತ್ತು ಅವಳು ಲಂಗ ನೋಡುತ್ತಿರಲಿಲ್ಲ, ಸೀಮೆಸುಣ್ಣ ನೋಡುತ್ತಿರಲಿಲ್ಲ. ತನ್ನ ಮಾತು ಹೇಳುತ್ತಾ ಹೇಳುತ್ತಾ ಇವನ ಕೈಯನ್ನೇ ನೋಡುತ್ತಿದ್ದಳು. ತಾನು ಹೇಳಿದ್ದನ್ನು ಇವನು ಬರೆಯುತ್ತಿಲ್ಲ, ಬರೆದರೂ ಅಳಿಸುತ್ತಿದ್ದಾನೆ ಅನ್ನುವುದು ಅವಳಿಗೆ ಗೊತ್ತಿತ್ತು. ಬರ್ಕೊಂಡ್ಯಾ ಅಂತ ಕೇಳಿದ್ದು ಗೊತ್ತಿದ್ದೇ ಕೇಳಿದ್ದು. ಹ್ಞೂಂ ಅಂದದ್ದನ್ನು ಕೇಳಿಸಿಕೊಂಡು, ಸಂಜೆ ತನ್ನ ಬಟ್ಟಲಿನ ಮಾಂಸವನ್ನು ಇವನಿಗೆ ಹಾಕಿದ್ದಳು. ಎಲ್ಲ ಮಾತೂ ಹೋದ ಮೇಲೆ ಮಗನನ್ನು ಕರೆಯಲು ಅವಳಿಗೆ ಉಳಿದದ್ದು ಇಷ್ಟು.

ನರ್ಸ್ ಚೀಲದ ಬಾಯಿ ಅಗಲಿಸಿ ಆ ಕೈಯ ಹತ್ತಿರ ತಂದಳು.

"ಕಟ್ಟಬೇಡಿ" ಅಂದ ಪೊ-ಯೆನ್. ದನಿ ಜೋರಾಗಿ ಬಂದಿತ್ತು, ಪರದೆಯಾಚೆ ಯಾರೋ ಕೆಮ್ಮುತ್ತಿದ್ದವರು ನಿಲ್ಲಿಸಿದರು.

ಡಾಕ್ಟರ್ ಇವನ ಮುಖ ನೋಡಿದರು. "ಇದು ತಾಯಿ ಹೇಳಿದ್ದಾ?"

"ಅಲ್ಲ. ನಾನು ಹೇಳ್ತಿರೋದು."

ನಳಿಗೆ ಹಾಕಿ ಕೈ ಕಟ್ಟದಿದ್ದರೆ ಹಗಲೂ ರಾತ್ರಿ ಯಾರಾದರೂ ಪಕ್ಕದಲ್ಲಿ ಕೂತಿರಬೇಕು, ಕಣ್ಣು ಮುಚ್ಚುವ ಹಾಗಿಲ್ಲ ಅಂತ ಡಾಕ್ಟರ್ ಹೇಳಿದರು. ಕೂರುತ್ತೇನೆ ಅಂದ. ಹಾಕದಿದ್ದರೆ ಏನಾಗುತ್ತದೆ ಅನ್ನುವುದನ್ನೂ ಅವರು ಮುಚ್ಚಿಡದೆ ಹೇಳಿದರು. ಸ್ವಲ್ಪ ಹೊತ್ತು ಕೊಡಿ ಅಂದ, ಅವಳನ್ನೇ ಕೇಳಬೇಕು, ಅವಳಿಗೆ ಎಲ್ಲ ಗೊತ್ತಾಗುತ್ತದೆ ಅಂದ. ಡಾಕ್ಟರ್ ಅಕ್ಕನ ಕಡೆ ನೋಡಿದರು. ಅಕ್ಕ ತಲೆಯಾಡಿಸಿದಳೋ ಇಲ್ಲವೋ, ಅಂತೂ ಬೇಡ ಅನ್ನಲಿಲ್ಲ. ಸಂಜೆ ಬರುತ್ತೇನೆ ಅಂತ ಹೇಳಿ ಅವರು ಹೋದರು. ನರ್ಸ್ ಚೀಲವನ್ನು ತಳ್ಳುಗಾಡಿಯ ಮೇಲೆ ವಾಪಸ್ಸು ಇಟ್ಟು ಗಾಡಿ ತಳ್ಳಿಕೊಂಡು ಹೋದಳು.

ಪೊ-ಯೆನ್ ಲ್ಯಾಪ್‌ಟಾಪನ್ನು ಮುಚ್ಚಿ ಅಕ್ಕನ ಕೈಗೆ ಕೊಟ್ಟ. ಜೇಬಿನಿಂದ ಫೋನು ತೆಗೆದು ಅದನ್ನೂ ಕೊಟ್ಟ. ಸ್ಟೂಲು ಎಳೆದುಕೊಂಡು ಅಮ್ಮನಿಗೆ ಎದುರಾಗಿ ಕೂತ, ಮೇಜಿನ ಆಚೆ ಈಚೆ ಕೂರುತ್ತಿದ್ದಷ್ಟೇ ದೂರದಲ್ಲಿ. ಎರಡೂ ಕೈಗಳನ್ನು ಅಂಗೈ ಮೇಲೆ ಮಾಡಿ ಹೊದಿಕೆಯ ಮೇಲಿಟ್ಟ.

"ಅಮ್ಮಾ. ಅವತ್ತು ಬರ್ಕೊಂಡಿಲ್ಲ ನಾನು. ಇನ್ನೊಂದ್ಸಲ ಹೇಳು."

ಅಮ್ಮನ ಬೆರಳುಗಳು ನಿಂತವು. ಅವಳು ಮೊದಲು ಇವನ ಕೈಗಳನ್ನು ನೋಡಿದಳು, ಒಂದಾದ ಮೇಲೆ ಇನ್ನೊಂದನ್ನು. ಎರಡರಲ್ಲೂ ಏನೂ ಇಲ್ಲ ಅನ್ನುವುದನ್ನು ಖಚಿತ ಮಾಡಿಕೊಂಡು, ಆಮೇಲೆ ಮುಖ ನೋಡಿದಳು.